ಮೀಸೆ ಚಿಗುರುವ ಹುಡುಗನ ಹುಟ್ಟುಹಬ್ಬಕ್ಕೆ ಏನು ಕೊಡೋಣ?

ಐದು ವರ್ಷದ ಮಗುವಿಗೆ ಉಡುಗೊರೆ ತರುವುದು ಸುಲಭ, ಅಂಗಡಿಯವರೇ ಆರಿಸಿ ಕಟ್ಟಿಕೊಡುತ್ತಾರೆ. ಅರವತ್ತು ದಾಟಿದವರಿಗೂ ತೊಂದರೆಯಿಲ್ಲ, ಒಂದು ಶಾಲಿನಲ್ಲಿ ಕೆಲಸ ಮುಗಿಯುತ್ತದೆ. ಪೇಚಿಗೆ ಸಿಕ್ಕಿಸುವವನು ಹದಿಮೂರರಿಂದ ಹತ್ತೊಂಬತ್ತರ ನಡುವಿನ ಹುಡುಗ. 'ಏನು ಬೇಕೋ?' ಎಂದರೆ 'ಏನೂ ಬೇಡ' ಎನ್ನುತ್ತಾನೆ. ಮತ್ತೆ ಕೇಳಿದರೆ 'ಏನಾದ್ರೂ ಓಕೆ'. ಮೂರನೇ ಸಲ ಕೇಳಿದಿರೋ, ಐಫೋನ್ ಹೆಸರು ಬರುತ್ತದೆ.

ಹೀಗಾಗಿ ಹೆಚ್ಚಿನವರು ಕೊನೇ ಗಳಿಗೆಯಲ್ಲಿ ಒಂದು ಟೀ ಶರ್ಟ್, ಇಲ್ಲವೇ ಪೆನ್ ಸೆಟ್ಟು, ಫೋಟೊ ಹಾಕಿಸಿದ ಕಾಫಿ ಮಗ್ಗು ತಂದು ಕೈಗಿಡುತ್ತಾರೆ. ಹುಡುಗ 'ಥ್ಯಾಂಕ್ಯೂ ಅಂಕಲ್' ಅನ್ನುತ್ತಾನೆ. ಮಗ್ಗು ಅಟ್ಟ ಸೇರುತ್ತದೆ.

ಈ ವಯಸ್ಸಿನವರಿಗೆ ಉಡುಗೊರೆ ಹುಡುಕಲು ಒಂದೇ ಸೂತ್ರ ಸಾಕು. ಅವನ ಬಿಡುವಿನ ಹೊತ್ತು ಈಗಾಗಲೇ ಯಾವುದರಲ್ಲಿ ಕಳೆಯುತ್ತಿದೆ ನೋಡಿ, ಅದರಲ್ಲೇ ಒಂದು ಮೆಟ್ಟಿಲು ಮೇಲಿನದನ್ನು ಕೊಡಿ. ಅವನು ಮುಂದೆ ಏನಾಗಬೇಕೆಂಬ ನಿಮ್ಮ ಆಸೆಯನ್ನು ಡಬ್ಬಿಯಲ್ಲಿ ತುಂಬಿ ಕೊಡಬೇಡಿ. ಕ್ರಿಕೆಟ್ ಹುಚ್ಚಿನವನಿಗೆ ವಿಶ್ವಕೋಶ ಕೊಟ್ಟರೆ ಅವನು ಓದುವುದಿಲ್ಲ, ಓದಬೇಕಿತ್ತಲ್ಲ ಎಂಬ ಅಪರಾಧಿ ಭಾವವಷ್ಟೇ ಉಳಿಯುತ್ತದೆ.

ಅಂಗಡಿಗೆ ಹೋಗುವ ಮೊದಲು

ಅವನನ್ನೇ ಕೇಳಿ ಪ್ರಯೋಜನವಿಲ್ಲದಿದ್ದರೆ ಅವನ ಸಾಮಾನುಗಳನ್ನು ಕೇಳಿ. ಬ್ಯಾಟಿನ ಗ್ರಿಪ್ ಹರಿದಿದೆಯೇ, ಇಯರ್‌ಫೋನಿನ ಒಂದು ಕಿವಿ ಸತ್ತಿದೆಯೇ, ಶೂನ ಹಿಮ್ಮಡಿ ಸವೆದಿದೆಯೇ, ಗೆಳೆಯನಿಂದ ಎರವಲು ತಂದು ಬಳಸುತ್ತಿರುವುದು ಏನು ಎಂದು ಗಮನಿಸಿ. ಸವೆದ ವಸ್ತುವೇ ಅವನ ನಿಜವಾದ ಆಸಕ್ತಿಗೆ ಸಾಕ್ಷಿ.

ಆಮೇಲೆ ಇಬ್ಬರನ್ನು ವಿಚಾರಿಸಿ. ಮೊದಲು ಅವನ ಅಮ್ಮನನ್ನು: ಮನೆಯಲ್ಲಿ ಏನೇನು ಈಗಾಗಲೇ ಇದೆ, ಅಳತೆ ಎಷ್ಟು, ಯಾವುದಕ್ಕೆ ಅವರ ಒಪ್ಪಿಗೆಯಿಲ್ಲ ಎಂಬುದು ಅವರಿಗೆ ಗೊತ್ತು. ಎರಡನೆಯದಾಗಿ ಅವನ ತಂಗಿಯನ್ನೋ ಆಪ್ತ ಗೆಳೆಯನನ್ನೋ: ಅಮ್ಮನಿಗೆ ಹೇಳದ ಆಸೆಗಳು ಗೊತ್ತಿರುವುದು ಅವರಿಗೇ. ಮನೆಯವರನ್ನು ಕೇಳದೆ ಫೋನು, ಗೇಮಿಂಗ್ ಯಂತ್ರ, ನಾಯಿಮರಿ ತರುವುದು ಬೇಡ. ನೀವು ಒಳ್ಳೆಯ ಮಾವ ಅನ್ನಿಸಿಕೊಂಡು ಹೊರಟುಬಿಡುತ್ತೀರಿ, ದಿನಾ ಜಗಳ ಆಡಬೇಕಾದವರು ಅಪ್ಪ ಅಮ್ಮ.

ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹದಿಮೂರು, ಹದಿನಾಲ್ಕರಲ್ಲಿ ಇನ್ನೂ ಆಟಿಕೆಯ ಮೋಹ ಪೂರ್ತಿ ಹೋಗಿರುವುದಿಲ್ಲ, ಆದರೆ ಆಟಿಕೆ ಎಂದು ಕೊಟ್ಟರೆ ಅವಮಾನ. ಕಷ್ಟವಾದ ಪಜಲ್, ಜೋಡಿಸುವ ಮಾಡೆಲ್ ಕಿಟ್, ಬೋರ್ಡ್ ಗೇಮ್ ಇವನಿಗೆ ಸರಿ. ಹದಿನೈದು, ಹದಿನಾರರವನು ಗೆಳೆಯರ ಕಣ್ಣಲ್ಲಿ ಬದುಕುತ್ತಾನೆ. ಗುಂಪಿನಲ್ಲಿ ಬಳಸಬಹುದಾದ್ದು, ತೊಟ್ಟುಕೊಂಡು ಹೋಗಬಹುದಾದ್ದು ಅವನಿಗೆ ಹಿಡಿಸುತ್ತದೆ. ಪಿಯುಸಿ ದಾಟಿ ಹಾಸ್ಟೆಲ್ಲಿಗೆ ಹೊರಟವನಿಗೆ ಗಟ್ಟಿ ಬ್ಯಾಕ್‌ಪ್ಯಾಕ್, ಪವರ್ ಬ್ಯಾಂಕ್, ಎಲೆಕ್ಟ್ರಿಕ್ ಕೆಟಲ್‌ನಂಥವು ನಿಜಕ್ಕೂ ಉಪಕಾರ. ಕೆಟಲ್ ಕೊಳ್ಳುವ ಮುನ್ನ ಹಾಸ್ಟೆಲಿನವರು ಬಿಡುತ್ತಾರೋ ಇಲ್ಲವೋ ಕೇಳಿಕೊಳ್ಳಿ.

ಬ್ಯಾಟು ಕೊಳ್ಳುವ ಮುನ್ನ ಬಾಲು ಯಾವುದು ಕೇಳಿ

ನಮ್ಮಲ್ಲಿ ಹುಡುಗರಿಗೆ ಅತಿ ಹೆಚ್ಚು ಕೊಡುವ ಆಟದ ಸಾಮಾನು ಕ್ರಿಕೆಟ್ ಬ್ಯಾಟ್, ಅತಿ ಹೆಚ್ಚು ತಪ್ಪಾಗುವುದೂ ಅದರಲ್ಲೇ. ಕೇರಿಯಲ್ಲಿ ಟೆನಿಸ್ ಬಾಲಿನಲ್ಲಿ ಆಡುವವನಿಗೆ ಬೇಕಾದ ಬ್ಯಾಟ್ ಒಂದು, ಕ್ಯಾಂಪಿನಲ್ಲಿ ಲೆದರ್ ಬಾಲ್ ಎದುರಿಸುವವನಿಗೆ ಬೇಕಾದದ್ದು ಇನ್ನೊಂದು. ಲೆದರ್ ಬಾಲ್ 156ರಿಂದ 163 ಗ್ರಾಂ ತೂಗುತ್ತದೆ. ಟೆನಿಸ್ ಬಾಲಿಗೆಂದು ಮಾಡಿದ ಹಗುರ ಬ್ಯಾಟಿನಲ್ಲಿ ಅದನ್ನು ಬಾರಿಸಿದರೆ ಬ್ಯಾಟ್ ಬಿರುಕು ಬಿಡುತ್ತದೆ. ಗಲ್ಲಿ ಆಟಗಾರನಿಗೆ ದುಬಾರಿ ಇಂಗ್ಲಿಷ್ ವಿಲ್ಲೋ ಕೊಡಿಸುವುದೂ ದುಡ್ಡು ದಂಡ.

ಟೆನಿಸ್ ಬಾಲಿಗೆ, ಲೆದರ್ ಬಾಲಿನ ಮೊದಲ ವರ್ಷಕ್ಕೆ ಕಾಶ್ಮೀರ ವಿಲ್ಲೋ ಸಾಕು. ಒಂದೂವರೆಯಿಂದ ಮೂರು ಸಾವಿರದೊಳಗೆ ಒಳ್ಳೆಯದೇ ಸಿಗುತ್ತದೆ. ಇಂಗ್ಲಿಷ್ ವಿಲ್ಲೋ ಅದರ ಹಲವು ಪಟ್ಟು. ಕೊಂಡ ಮೇಲೂ ಕೆಲಸವಿದೆ: ಹಸಿ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ, ಮರದ ಸುತ್ತಿಗೆಯಲ್ಲಿ ಗಂಟೆಗಟ್ಟಲೆ ಮೆಲ್ಲಗೆ ತಟ್ಟಿ ಹದ ಮಾಡಬೇಕು. ಅಷ್ಟು ತಾಳ್ಮೆ ಇರುವ ಹುಡುಗನಿಗೆ ಸುತ್ತಿಗೆಯನ್ನೂ ಸೇರಿಸಿ ಕೊಡಿ.

ಅಳತೆ ಹೀಗೆ: ಸಾಮಾನ್ಯವಾಗಿ ಐದೂವರೆ ಅಡಿಯ ಆಸುಪಾಸಿನವನಿಗೆ ಹ್ಯಾರೋ ಸೈಜ್, ಅದಕ್ಕಿಂತ ಕುಳ್ಳಗಿದ್ದರೆ 6ನೇ ನಂಬರ್, ಐದು ಅಡಿ ಎಂಟು ಇಂಚು ದಾಟಿದವನಿಗೆ ಶಾರ್ಟ್ ಹ್ಯಾಂಡಲ್ ಎಂಬ ದೊಡ್ಡವರ ಸೈಜ್. ನಂಬರಿಗಿಂತ ಕೈಯ ಮಾತು ದೊಡ್ಡದು. ಬಲಗೈ ಆಟಗಾರನಾದರೆ ಎಡಗೈ ಒಂದರಲ್ಲೇ ಹಿಡಿಯ ಮೇಲ್ಭಾಗ ಹಿಡಿದು ಬ್ಯಾಟನ್ನು ಮುಂದಕ್ಕೆ ಎತ್ತಿ ನಿಲ್ಲಿಸಲು ಹೇಳಿ. ಕ್ಷಣದಲ್ಲೇ ಮಣಿಕಟ್ಟು ಸೋತು ಬ್ಯಾಟಿನ ತುದಿ ಕೆಳಗೆ ಬಾಗಿದರೆ ಅದು ಅವನಿಗೆ ಭಾರ. 'ಬೆಳೀತಾನೆ ಬಿಡಿ' ಎಂದು ದೊಡ್ಡದನ್ನು ಕಟ್ಟಿಸಿಕೊಂಡರೆ ಬೆಳೆಯುವಷ್ಟರಲ್ಲಿ ಅವನ ಹೊಡೆತ ಕೆಟ್ಟಿರುತ್ತದೆ.

ಬ್ಯಾಟ್ ಇದ್ದವನಿಗೆ ಮತ್ತೊಂದು ಬ್ಯಾಟ್ ಬೇಡ. ಒಳ್ಳೆಯ ಬ್ಯಾಟಿಂಗ್ ಗ್ಲೌಸ್, ಸರಿಯಾದ ಹೆಲ್ಮೆಟ್, ಕಿಟ್ ಬ್ಯಾಗ್, ಹೋಗಲಿ, ಅರ್ಧ ಡಜನ್ ಬಾಲು ಕೊಟ್ಟರೂ ಇಡೀ ತಂಡ ನಿಮ್ಮನ್ನು ನೆನೆಯುತ್ತದೆ.

ಬೇರೆ ಆಟಗಳಿಗೂ ಇದೇ ದಾರಿ. ಫುಟ್‌ಬಾಲ್ ಆಡುವವನಿಗೆ ಹದಿಮೂರರ ಮೇಲೆ 5ನೇ ಸೈಜಿನ ಚೆಂಡು. ಬ್ಯಾಡ್ಮಿಂಟನ್ ರಾಕೆಟ್ಟಿನ ಮೇಲೆ 3ಯು, 4ಯು ಎಂದು ಬರೆದಿರುವುದು ತೂಕ: 4ಯು ಅಂದರೆ 80ರಿಂದ 84 ಗ್ರಾಂ, 3ಯು ಅಂದರೆ 85ರಿಂದ 89. ಹೊಸಬನಿಗೆ ಹಗುರವಾದ 4ಯು ಒಳ್ಳೆಯದು. ರಾಕೆಟ್ ಇದ್ದರೆ ಒಂದು ಡಬ್ಬಿ ಶಟಲ್ ಕೊಡಿ. ಅದು ಮುಗಿಯುತ್ತಲೇ ಇರುವ ಸಾಮಾನು, ಎಷ್ಟಿದ್ದರೂ ಸಾಲದು. ಕೊಡಗಿನ ಹುಡುಗನಿಗೆ ಹಾಕಿ ಸ್ಟಿಕ್, ಕಬಡ್ಡಿ ತಂಡದಲ್ಲಿರುವವನಿಗೆ ಮ್ಯಾಟ್ ಮೇಲೆ ಜಾರದ ಶೂ, ಹೀಗೆ ಆಯಾ ಊರಿನ ಆಟಕ್ಕೆ ತಕ್ಕಂತೆ ಯೋಚಿಸಿ.

ಸೈಕಲ್: ಹೊಳಪಿಗೆ ಮರುಳಾಗಬೇಡಿ

ಮನೆಯವರೆಲ್ಲ ಸೇರಿ ಒಂದು ದೊಡ್ಡ ಉಡುಗೊರೆ ಕೊಡುವುದಾದರೆ ಗೇರ್ ಸೈಕಲ್ ಈಗಲೂ ಮೊದಲ ಸಾಲಿನಲ್ಲಿದೆ. ಅಂಗಡಿಯಲ್ಲಿ ಕಣ್ಣು ಸೆಳೆಯುವುದು ದಪ್ಪ ಟಯರ್, ಹಿಂದೆ ಮುಂದೆ ಸಸ್ಪೆನ್ಷನ್ ಇರುವ ಮಾದರಿ. ಕಡಿಮೆ ಬೆಲೆಯಲ್ಲಿ ಅದು ಸಿಗುತ್ತದೆಂದರೆ ಕಬ್ಬಿಣ ಹೆಚ್ಚು, ಗುಣಮಟ್ಟ ಕಡಿಮೆ ಎಂದೇ ಅರ್ಥ. ಟ್ಯೂಷನ್ನಿಗೆ, ಮೈದಾನಕ್ಕೆ ಓಡಾಡುವವನಿಗೆ ತೆಳು ಟಯರಿನ ಹೈಬ್ರಿಡ್ ಹಗುರವಾಗಿ ಸಾಗುತ್ತದೆ.

ಸೈಕಲ್ ಕೊಳ್ಳುವಾಗ ಗುಟ್ಟು ಗುಟ್ಟಾಗಿಡುವುದು ಬೇಡ, ಹುಡುಗನನ್ನೇ ಕರೆದುಕೊಂಡು ಹೋಗಿ. ಶೂ ಹಾಕಿಕೊಂಡು ಮೇಲಿನ ಅಡ್ಡ ಕಂಬಿಯ ಎರಡೂ ಕಡೆ ಕಾಲೂರಿ ನಿಲ್ಲಲಿ. ಕಂಬಿಗೂ ತೊಡೆಸಂದಿಗೂ ನಡುವೆ ಎರಡು ಬೆರಳಿನ ಅಗಲವಾದರೂ ಜಾಗ ಉಳಿಯಬೇಕು. ಸೀಟಿನ ಮೇಲೆ ಕೂತು ಪೆಡಲನ್ನು ಪೂರ್ತಿ ಕೆಳಕ್ಕೆ ಒತ್ತಿದಾಗ ಮಂಡಿ ಚೂರೇ ಬಾಗಿರಬೇಕು. ಸೀಟಿನ ಕಂಬ ಇನ್ನೂ ಮೇಲೆತ್ತಲು ಬರುವಂತಿದ್ದರೆ ಅವನು ಬೆಳೆದರೂ ಸೈಕಲ್ ಚಿಕ್ಕದಾಗುವುದಿಲ್ಲ. ಹೆಲ್ಮೆಟ್, ಬೀಗ, ಹಿಂದಿನ ಕೆಂಪು ದೀಪ, ಪಂಪು, ಇವುಗಳ ಖರ್ಚನ್ನೂ ಬಜೆಟ್ಟಿನಲ್ಲೇ ಸೇರಿಸಿ.

ಬಿಚ್ಚಿ ನೋಡುವವನು, ಲೆಕ್ಕ ಹಾಕುವವನು, ಆಕಾಶ ನೋಡುವವನು

ಮಿಕ್ಸಿ, ಹಳೇ ರೇಡಿಯೋ ಯಾವುದು ಸಿಕ್ಕರೂ ಬಿಚ್ಚುವವನಿದ್ದರೆ ಅವನಿಗೆ ಸಣ್ಣ ತಲೆಗಳ ಸ್ಕ್ರೂಡ್ರೈವರ್ ಸೆಟ್, ಡಿಜಿಟಲ್ ಮಲ್ಟಿಮೀಟರ್, ಬಿಸಿ ಹೆಚ್ಚು ಕಡಿಮೆ ಮಾಡಬಹುದಾದ ಸೋಲ್ಡರಿಂಗ್ ಐರನ್ ಕೊಡಿ. ಕೋಡಿಂಗ್ ರುಚಿ ಹತ್ತಿದವನಿಗೆ ಆರ್ಡುಯಿನೋ ಬೋರ್ಡಿನ ಕಿಟ್: ಬೋರ್ಡು, ಬ್ರೆಡ್‌ಬೋರ್ಡು, ವೈರು, ನಾಲ್ಕಾರು ಸೆನ್ಸರ್ ಸೇರಿ ಎರಡು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಬೆಂಗಳೂರಿನವರಾದರೆ ಅವನನ್ನು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಕರೆದುಕೊಂಡು ಹೋಗಿ, ಇಷ್ಟು ದುಡ್ಡು ನಿನ್ನದು ಎಂದು ಬಿಟ್ಟುಬಿಡಿ. ಅಲ್ಲಿ ಅಂಗಡಿಯಿಂದ ಅಂಗಡಿಗೆ ಸುತ್ತುವುದೂ ಉಡುಗೊರೆಯೇ.

ಚೆಸ್ ಆಡುವವನಿಗೆ ಅಮೃತಶಿಲೆಯ ಸೆಟ್ ಕೊಡಬೇಡಿ, ಅದು ಶೋಕೇಸಿಗೆ. 2024ರ ಡಿಸೆಂಬರಿನಲ್ಲಿ ಗುಕೇಶ್ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ ಮೇಲೆ ಹುಡುಗರಲ್ಲಿ ಈ ಆಟದ ಹುರುಪು ಹೆಚ್ಚಿದೆ. ಅವರಿಗೆ ಬೇಕಾದದ್ದು ಸುತ್ತಿಟ್ಟುಕೊಳ್ಳಬಹುದಾದ ಬೋರ್ಡು, ತೂಕವಿರುವ ಪ್ಲಾಸ್ಟಿಕ್ ಕಾಯಿ ಮತ್ತು ಡಿಜಿಟಲ್ ಚೆಸ್ ಗಡಿಯಾರ. ಹಾಗೆಯೇ ರೂಬಿಕ್ಸ್ ಕ್ಯೂಬನ್ನು ನಿಮಿಷದೊಳಗೆ ಮುಗಿಸುವವನಿಗೆ ಅಯಸ್ಕಾಂತವಿರುವ ಸ್ಪೀಡ್ ಕ್ಯೂಬ್ ಕೊಟ್ಟು ನೋಡಿ. ಐನೂರು ರೂಪಾಯಿಯ ಆಸುಪಾಸಿನಲ್ಲಿ ಅಷ್ಟು ಖುಷಿ ಬೇರೆಲ್ಲೂ ಸಿಗುವುದಿಲ್ಲ.

ಆಕಾಶದ ಹುಚ್ಚಿನವನಿಗೆ ಅಗ್ಗದ ಟೆಲಿಸ್ಕೋಪ್ ತರುವವರು ಡಬ್ಬಿಯ ಮೇಲಿನ 'ಆರುನೂರು ಪಟ್ಟು' ಎಂಬ ಬರಹಕ್ಕೆ ಮೋಸಹೋಗುತ್ತಾರೆ. ಅಲುಗಾಡುವ ಮುಕ್ಕಾಲಿಯ ಮೇಲೆ ಚಂದ್ರನೂ ನಿಲ್ಲುವುದಿಲ್ಲ. ಅದೇ ದುಡ್ಡಿಗೆ 10x50 ಬೈನಾಕ್ಯುಲರ್ ಕೊಡಿ. ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರಿನಲ್ಲಿ. ಕೈ ಊರಿ ಅಲುಗದಂತೆ ಹಿಡಿದರೆ ಚಂದ್ರನ ಕುಳಿಗಳು, ಗುರುವಿನ ಉಪಗ್ರಹಗಳೂ ಕಾಣುತ್ತವೆ. ಹಕ್ಕಿ ನೋಡುವವನಾದರೆ 8x42 ಹೆಚ್ಚು ಹೊಂದುತ್ತದೆ.

ಹಾಡು, ಕುಣಿತ, ವಾದ್ಯ

ವಾದ್ಯವನ್ನು ಕಲಿಸುವ ಮೇಷ್ಟ್ರನ್ನು ಕೇಳದೆ ಕೊಳ್ಳಬೇಡಿ. ಗಿಟಾರ್ ಶುರು ಮಾಡುವವನಿಗೆ ನೈಲಾನ್ ತಂತಿ ಬೆರಳಿಗೆ ಹಿತ. ಆದರೆ ಅವನು ನುಡಿಸಬೇಕೆಂದಿರುವ ಸಿನಿಮಾ ಹಾಡಿಗೆ ಉಕ್ಕಿನ ತಂತಿಯ ಸದ್ದೇ ಬೇಕಿರಬಹುದು. ವಾದ್ಯ ಇರುವವನಿಗೆ ಅದರ ಪರಿವಾರವನ್ನು ಕೊಡಿ: ಗಿಟಾರಿಗೆ ಕ್ಲಿಪ್ ಟ್ಯೂನರ್, ಕೇಪೋ, ಒಂದು ಜೊತೆ ಹೊಸ ತಂತಿ, ತಬಲಾಕ್ಕೆ ಶ್ರುತಿ ಮಾಡುವ ಸುತ್ತಿಗೆ, ಗಟ್ಟಿ ಚೀಲ. ಕರಾವಳಿಯಲ್ಲಿ ಯಕ್ಷಗಾನದ ಹೆಜ್ಜೆ ಕಲಿಯುತ್ತಿರುವ ಹುಡುಗನಿಗೆ ಸ್ವಂತದ ಗೆಜ್ಜೆ ಕೊಡಿಸಿ, ಅವನ ನಡಿಗೆಯೇ ಬದಲಾಗುತ್ತದೆ.

ಪುಸ್ತಕ ಕೊಡಲೇಬೇಕೆಂದರೆ

ಕೊಡಿ, ಆದರೆ ವ್ಯಕ್ತಿತ್ವ ವಿಕಸನದ ಪುಸ್ತಕ, ಪ್ರವೇಶ ಪರೀಕ್ಷೆಯ ಗೈಡು ಬೇಡ. ಹುಟ್ಟಿದ ದಿನವೂ 'ನೀನು ಸಾಲದು' ಎಂದು ಹೇಳಿದ ಹಾಗಾಗುತ್ತದೆ. ಕನ್ನಡ ಸರಾಗವಾಗಿ ಓದುವವನಿಗೆ ಪೂರ್ಣಚಂದ್ರ ತೇಜಸ್ವಿ ಇಂದಿಗೂ ನಂಬುವಂಥ ಆಯ್ಕೆ. ಹಾರುವ ಓತಿಯ ಬೆನ್ನು ಹತ್ತುವ 'ಕರ್ವಾಲೊ' ತೆಳ್ಳಗಿದೆ, ಕಾಡಿದೆ, ನಗೆಯಿದೆ, ನೀತಿಪಾಠವಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಕನ್ನಡ ತಡವರಿಸುವವನಿಗೆ ಮುನ್ನೂರು ಪುಟದ ಕಾದಂಬರಿ ಹೊರಿಸಬೇಡಿ. 'ಪರಿಸರದ ಕತೆ'ಯಂಥ ಬಿಡಿ ಬಿಡಿ ಬರಹಗಳಿಂದ ಶುರುವಾಗಲಿ. ಓದುವ ಅಭ್ಯಾಸವೇ ಇಲ್ಲದವನಿಗೆ ಕಾಮಿಕ್ಸ್, ಮಾಂಗಾ ಕೊಟ್ಟರೂ ತಪ್ಪಿಲ್ಲ. ಪುಸ್ತಕದ ಜೊತೆ ಬಿಲ್ಲು ಇಟ್ಟು, 'ಇಷ್ಟವಾಗದಿದ್ದರೆ ಬದಲಾಯಿಸಿಕೊ' ಎಂದು ಹೇಳಿ.

ಹೆಡ್‌ಫೋನ್, ಗೇಮ್, ವಾಚ್

ಹೆಡ್‌ಫೋನ್ ಕೊಡುವ ಮೊದಲು ಅವನ ಫೋನಿಗೆ ಯಾವ ಪಿನ್ ಹೊಂದುತ್ತದೆ ನೋಡಿ. ಮಕ್ಕಳ ಕಿವಿಗೆ ವಾರಕ್ಕೆ 40 ಗಂಟೆಗೆ ಮೀರದಂತೆ 75 ಡೆಸಿಬಲ್ ಸುರಕ್ಷಿತ ಮಿತಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸರಳವಾಗಿ ಹೇಳುವುದಾದರೆ ವಾಲ್ಯೂಮ್ ಅರ್ಧದ ಮೇಲೆ ಹೆಚ್ಚು ದೂರ ಹೋಗಬಾರದು. ಹೊರಗಿನ ಗದ್ದಲ ತಡೆಯುವ ಹೆಡ್‌ಫೋನಿನಲ್ಲಿ ವಾಲ್ಯೂಮ್ ಏರಿಸುವ ಅಗತ್ಯ ಕಡಿಮೆ. ಆದರೆ ಅದನ್ನು ತೊಟ್ಟು ಸೈಕಲ್ ಹತ್ತಕೂಡದು, ಹಿಂದಿನ ಹಾರ್ನ್ ಕೇಳುವುದಿಲ್ಲ.

ಗೇಮ್ ಪ್ರಿಯನಿಗೆ ನಿಮಗೆ ತಿಳಿಯದ ಗೇಮ್ ಕೊಳ್ಳುವ ಬದಲು ಕಂಟ್ರೋಲರ್ ಕೊಡಿ, ಇಲ್ಲವೇ ಇಂತಿಷ್ಟು ಮೊತ್ತದ ಗಿಫ್ಟ್ ಕಾರ್ಡ್. ನಿಮ್ಮ ಬ್ಯಾಂಕ್ ಕಾರ್ಡನ್ನು ಮಾತ್ರ ಅವನ ಖಾತೆಗೆ ಜೋಡಿಸಬೇಡಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ ಎಂಬುದೂ ಅವನಿಗೆ ಗೊತ್ತಿರಲಿ.

ವಾಚ್ ಈ ವಯಸ್ಸಿನಲ್ಲಿ ಇನ್ನೂ ಖುಷಿ ಕೊಡುತ್ತದೆ. 1989ರಿಂದ ಹೆಚ್ಚು ಬದಲಾಗದೆ ಬಂದಿರುವ ಕ್ಯಾಸಿಯೊ ಎಫ್-91ಡಬ್ಲ್ಯುನಂಥ ಸಾದಾ ಡಿಜಿಟಲ್ ವಾಚು ಹುಡುಗರಲ್ಲಿ ಮತ್ತೆ ಫ್ಯಾಷನ್ ಆಗಿದೆ, ಬೆಲೆಯೂ ಎರಡು ಸಾವಿರದೊಳಗೆ. ಎಸ್ಸೆಸ್ಸೆಲ್ಸಿ ಬರೆಯಲಿರುವವನಿಗೆ ಮುಳ್ಳಿನ ವಾಚು ಮೇಲು, ಪರೀಕ್ಷಾ ಕೊಠಡಿಯೊಳಗೆ ಸ್ಮಾರ್ಟ್‌ವಾಚ್ ಬಿಡುವುದಿಲ್ಲ.

ಬಟ್ಟೆ, ಶೂ, ಟ್ರಿಮ್ಮರ್

ಹದಿಮೂರು, ಹದಿನಾಲ್ಕರ ಆಸುಪಾಸಿನಲ್ಲಿ ಹುಡುಗರು ವರ್ಷಕ್ಕೆ ಎಂಟು, ಒಂಬತ್ತು ಸೆಂಟಿಮೀಟರ್ ಬೆಳೆಯುವುದುಂಟು. ಹೋದ ದೀಪಾವಳಿಯ ಅಳತೆ ಈ ದೀಪಾವಳಿಗೆ ಬರುವುದಿಲ್ಲ. ಶೂ, ಜೀನ್ಸ್ ಇವುಗಳನ್ನು ಅವನ ಕಾಲು, ಸೊಂಟ ಅಂಗಡಿಯಲ್ಲಿದ್ದಾಗಲೇ ಕೊಳ್ಳಿ. ಅಚ್ಚರಿಯಾಗಿಯೇ ಕೊಡಬೇಕಿದ್ದರೆ ಸಡಿಲವಾದ ಹೂಡಿ, ಅವನ ಮೆಚ್ಚಿನ ತಂಡದ ಜೆರ್ಸಿ ಕೊಡಿ. ಒಂದು ಸೈಜ್ ದೊಡ್ಡದಾದರೂ ನಡೆಯುತ್ತದೆ.

ಮೇಲ್ತುಟಿಯ ಮೇಲೆ ನೆರಳು ಮೂಡಿ, ಅಪ್ಪನ ರೇಜರ್ ಕದ್ದು ಬಳಸಲು ಶುರುಮಾಡಿದವನಿಗೆ ಟ್ರಿಮ್ಮರ್ ನಿಜಕ್ಕೂ ಬೇಕಾದ ವಸ್ತು. ಬ್ಲೇಡಿಗಿಂತ ಅದರಲ್ಲಿ ಕೊಯ್ದುಕೊಳ್ಳುವ ಭಯ ಕಡಿಮೆ. ಇದನ್ನು ಅಪ್ಪನೋ ಅಣ್ಣನೋ ಸೋದರಮಾವನೋ ಹುಡುಗ ಒಬ್ಬನೇ ಇದ್ದಾಗ ಕೊಡಲಿ, ಬಳಸುವುದು ಹೇಗೆಂದು ತೋರಿಸಲಿ. ಆರತಿ ತಟ್ಟೆಯ ಎದುರು ಅತ್ತೆ, ಚಿಕ್ಕಮ್ಮಂದಿರ ನಡುವೆ ಆ ಡಬ್ಬಿ ಬಿಚ್ಚಿಸಿದರೆ ಅವನು ನಾಚಿಕೆಯಿಂದ ಸಾಯುತ್ತಾನೆ.

ಹೊತ್ತನ್ನೇ ಕೊಡಬಹುದು

ವಸ್ತುವಿನ ಬದಲು ಒಂದು ದಿನವನ್ನು ಕೊಡುವುದೂ ಚೆನ್ನ. ಪಂದ್ಯದ ಟಿಕೆಟ್, ಸ್ಕಂದಗಿರಿಯಂಥ ಚಾರಣ, ಈಜು ಶಿಬಿರ, ರಂಗ ಶಿಬಿರ, ಯಾವುದೂ ಆಗಬಹುದು. ರಾಜ್ಯದ ಹಲವು ಅರಣ್ಯ ಚಾರಣಗಳಿಗೆ ಆನ್‌ಲೈನಿನಲ್ಲಿ ಮುಂಗಡ ಟಿಕೆಟ್ ಬೇಕು, ಹುಟ್ಟುಹಬ್ಬದ ಹಿಂದಿನ ರಾತ್ರಿ ಹುಡುಕಿದರೆ ಸಿಗುವುದಿಲ್ಲ. ಪ್ರಾಣಿಪ್ರಿಯನ ಹೆಸರಿನಲ್ಲಿ ಮೈಸೂರು ಮೃಗಾಲಯದ ಒಂದು ಪ್ರಾಣಿಯನ್ನು ದತ್ತು ಪಡೆಯಬಹುದು. ಪ್ರಾಣಿ ಯಾವುದು, ಅವಧಿ ಎಷ್ಟು ಎಂಬುದರ ಮೇಲೆ ಮೊತ್ತ ಬದಲಾಗುತ್ತದೆ. ಅಲ್ಲಿಗೆ ಕರೆದುಕೊಂಡು ಹೋಗುವುದಾದರೆ ಮಂಗಳವಾರ ವಾರದ ರಜೆ ಎಂಬುದು ನೆನಪಿರಲಿ.

ಟಿಕೆಟ್ ಯಾವಾಗಲೂ ಎರಡು ತೆಗೆಸಿ, ಎರಡನೆಯದು ಅವನ ಗೆಳೆಯನಿಗೆ. ಅಜ್ಜಿ, ಚಿಕ್ಕಪ್ಪ, ನಾಲ್ಕು ಮಂದಿ ಸೋದರಸಂಬಂಧಿಗಳು ಸೇರಿದರೆ ಅದು ಕುಟುಂಬದ ಪ್ರವಾಸವಾಗುತ್ತದೆ, ಅವನ ಹುಟ್ಟುಹಬ್ಬವಾಗಿ ಉಳಿಯುವುದಿಲ್ಲ.

ಇವು ಬೇಡವೇ ಬೇಡ

ಮೊದಲನೆಯದು ಬೈಕ್, ಸ್ಕೂಟರ್. ಹದಿನೆಂಟು ತುಂಬದವನು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಡಿ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಹದಿನಾರಕ್ಕೆ ಲೈಸೆನ್ಸ್ ಸಿಗುತ್ತದಲ್ಲ ಎಂದು ವಾದಿಸುವವರಿದ್ದಾರೆ. ಅದು 50 ಸಿಸಿ ಮೀರದ ಗಾಡಿಗೆ ಮಾತ್ರ, ನಮ್ಮ ರಸ್ತೆಯ ಪೆಟ್ರೋಲ್ ಸ್ಕೂಟರುಗಳು ಬಹುಮಟ್ಟಿಗೆ ಅದರ ದುಪ್ಪಟ್ಟಿಗೂ ಹೆಚ್ಚು.

ಎರಡನೆಯದು ಪ್ರೋಟೀನ್ ಪುಡಿ. ಜಿಮ್ ಆಸೆ ಹತ್ತಿದವನಿಗೆ ರೆಸಿಸ್ಟೆನ್ಸ್ ಬ್ಯಾಂಡ್, ಸ್ಕಿಪ್ಪಿಂಗ್ ಹಗ್ಗ ಅಥವಾ ತಿಳಿದವರ ಬಳಿ ತರಬೇತಿಯ ಶುಲ್ಕ ಕೊಡಿ. ಪುಡಿ ಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳಲಿ. ಮೂರನೆಯದು, ಅವನ ಕೊರತೆಯನ್ನು ಎತ್ತಿ ತೋರಿಸುವ ಯಾವುದೂ: ಮೊಡವೆಯ ಕ್ರೀಮು, ಅಕ್ಷರ ತಿದ್ದುವ ಪುಸ್ತಕ, ತೂಕದ ಯಂತ್ರ.

ಕವರಿನಲ್ಲಿ ದುಡ್ಡು

501, 1001 ಎಂದು ಕವರಿನಲ್ಲಿ ಹಾಕಿ ಕೊಡುವುದು ಸೋಮಾರಿತನವೆಂದು ನಾಚಬೇಕಿಲ್ಲ. ಹುಡುಗರಿಗೆ ಅದು ಇಷ್ಟವೇ. ತೊಂದರೆ ಏನೆಂದರೆ ಆ ಕವರು ನೇರವಾಗಿ ಅಮ್ಮನ ಬೀರುವಿಗೆ ಹೋಗಿ, ಮುಂದೆ ನಿಮ್ಮ ಮಗಳ ಹುಟ್ಟುಹಬ್ಬಕ್ಕೆ ಮುಯ್ಯಿಯಾಗಿ ಮರಳುತ್ತದೆ. 'ಇದು ಇವನ ಖರ್ಚಿಗೆ' ಎಂದು ಅವರೆದುರೇ ಹೇಳಿ ಕೊಡಿ. ಹತ್ತು ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದು ಎಂದು ರಿಸರ್ವ್ ಬ್ಯಾಂಕ್ 2025ರಲ್ಲಿ ತಿಳಿಸಿದೆ. ಮಿತಿಯನ್ನು ಆಯಾ ಬ್ಯಾಂಕ್ ನಿಗದಿ ಮಾಡುತ್ತದೆ. ಅಂಥ ಖಾತೆಯ ಮೊದಲ ಜಮೆ ನಿಮ್ಮದಾದರೆ ಅದೂ ಒಳ್ಳೆಯ ಉಡುಗೊರೆ.

ಕೊಡುವ ಬಗೆ

ಬೆಲೆಯ ಚೀಟಿ ಕಿತ್ತುಹಾಕಿ, ಆದರೆ ಬಿಲ್ಲನ್ನು ಜೋಪಾನವಾಗಿಟ್ಟು ಕೊಡಿ. ಬದಲಾಯಿಸಲು ಎಷ್ಟು ದಿನ ಅವಕಾಶವಿದೆ ಎಂದು ಅಂಗಡಿಯಲ್ಲೇ ಕೇಳಿಕೊಳ್ಳಿ. ಬ್ಯಾಟರಿ ಬೇಕಾದ ವಸ್ತುವಿಗೆ ಬ್ಯಾಟರಿ ಹಾಕಿಯೇ ಕೊಡಿ. 'ನಮ್ಮ ಕಾಲದಲ್ಲಿ' ಎಂದು ಶುರುವಾಗುವ ಯಾವ ಮಾತೂ ಉಡುಗೊರೆಯ ಜೊತೆ ಬರುವುದು ಬೇಡ. ಇದಕ್ಕೆ ಬದಲಾಗಿ ಇಷ್ಟು ಮಾರ್ಕ್ಸ್ ತೆಗಿ ಎಂಬ ಷರತ್ತೂ ಬೇಡ. ಷರತ್ತು ಹಾಕಿದರೆ ಅದು ಮುಂಗಡವಾಗುತ್ತದೆ, ಉಡುಗೊರೆಯಲ್ಲ.

ಕೊಟ್ಟ ಮೇಲೆ ಅವನ ಮುಖದಲ್ಲಿ ಕುಣಿದಾಟ ಹುಡುಕಬೇಡಿ. ಈ ವಯಸ್ಸಿನವರು ಹಿರಿಯರೆದುರು ಖುಷಿ ತೋರಿಸಲು ಹಿಂಜರಿಯುತ್ತಾರೆ. 'ಚೆನ್ನಾಗಿದೆ' ಎಂದು ತಲೆಯಾಡಿಸಿದರೆ ನೂರಕ್ಕೆ ಎಂಬತ್ತು ಅಂಕ ಬಂದ ಹಾಗೆ. 'ಬಳಸ್ತಿದ್ದೀಯೇನೋ?' ಎಂದು ವಾರವಾರ ಫೋನ್ ಮಾಡುವುದೂ ಬೇಡ. ತಿಂಗಳು ಕಳೆದು ಮನೆಗೆ ಹೋದಾಗ ಆ ವಸ್ತುವಿನ ಮೇಲೆ ಗೀಚು ಬಿದ್ದಿದ್ದರೆ, ಗ್ರಿಪ್ ಸವೆದಿದ್ದರೆ, ನಿಮ್ಮ ಆಯ್ಕೆ ಸರಿಯಾಗಿತ್ತು. ಮುಂದಿನ ವರ್ಷಕ್ಕೆ ಏನು ತರಬೇಕೆಂಬುದನ್ನೂ ಆ ಗೀಚೇ ಹೇಳುತ್ತದೆ.